ಮೊಣಕಾಲೂರಿ ಮನೆಯನ್ನು ನೋಡಿ: ಪುಟ್ಟ ಮಕ್ಕಳನ್ನು ಅವಘಡಗಳಿಂದ ಕಾಪಾಡುವ ಬಗೆ

ಹೊಳಲ್ಕೆರೆ ತಾಲ್ಲೂಕಿನ ನನ್ನ ತವರುಮನೆಯಲ್ಲಿ, ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ, ಮುದ್ದೆಗೆಂದು ಕುದಿಸಿ ಒಲೆಯ ಪಕ್ಕದ ನೆಲದ ಮೇಲೆ ಇಳಿಸಿಟ್ಟಿದ್ದ ಎಸರಿನ ಪಾತ್ರೆಗೆ ಅವಳು ಕೈಯದ್ದಿಬಿಟ್ಟಳು. ಒಬ್ಬರು ಟೂತ್‌ಪೇಸ್ಟ್ ತಂದು ಬಳಿದರು, ಮತ್ತೊಬ್ಬರು ಅದರ ಮೇಲೆ ಅರಿಸಿನ ಉದುರಿಸಿದರು. ಆಸ್ಪತ್ರೆಯಲ್ಲಿ ವೈದ್ಯರು ಗಾಯ ನೋಡುವುದಕ್ಕೆ ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕಾಯಿತು. ಸುಟ್ಟಾಗ ಅತ್ತದ್ದಕ್ಕಿಂತ ಮಗು ಆಗ ಹೆಚ್ಚು ಅತ್ತಿತು. ಮನೆಗೆ ಬಂದ ಮೇಲೆ ಹಿರಿಯರೆಲ್ಲ ನನ್ನನ್ನು ಬೈದರು. "ಒಂದು ಕೂಸು ನೋಡ್ಕಣಾಕೆ ಆಗ್ಲಿಲ್ವೇನೇ ನಿಂಗೆ" ಎಂಬ ಮಾತು ಇಂದಿಗೂ ಕಿವಿಯಲ್ಲಿದೆ. ಆದರೆ ಮರುದಿನ ಬೆಳಿಗ್ಗೆ ಎಸರಿನ ಪಾತ್ರೆ ಮತ್ತೆ ಅದೇ ನೆಲದ ಮೇಲೆ, ಅದೇ ಜಾಗದಲ್ಲಿ ಇಳಿದಿತ್ತು. ಬೈಗುಳ ತಾಯಿಗೆ ಬಿದ್ದಿತ್ತು, ಪಾತ್ರೆಯ ಜಾಗ ಬದಲಾಗಿರಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಪಾತ್ರೆಯ ಜಾಗದ ಬಗ್ಗೆಯೇ. ಮಕ್ಕಳಿಗೆ ಆಗುವ ಅವಘಡಗಳನ್ನು ನಾವು ಗ್ರಹಚಾರವೆಂದು ಕರೆದು ಸಮಾಧಾನ ಮಾಡಿಕೊಳ್ಳುತ್ತೇವೆ, ಇಲ್ಲವೇ ತಾಯಿಯ ಅಜಾಗರೂಕತೆಯೆಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ಎರಡೂ ನಿಜವಲ್ಲ. ಎರಡು ವರ್ಷದ ಮಗುವನ್ನು ಎಚ್ಚರವಾಗಿರುವಷ್ಟು ಹೊತ್ತೂ ಕಣ್ಣೆವೆಯಿಕ್ಕದೆ ಕಾಯುವುದು ಯಾರಿಗೂ ಸಾಧ್ಯವಿಲ್ಲ, ಬಿಸಿ ಎಂದರೇನು, ಆಳ ಎಂದರೇನು ಎಂಬುದನ್ನು ಆ ಮಗುವಿಗೆ ಮಾತಿನಲ್ಲಿ ತಿಳಿಸುವುದೂ ಸಾಧ್ಯವಿಲ್ಲ. ಸಾಧ್ಯವಿರುವುದು ಒಂದೇ: ಮಗುವಿನ ಕೈಗೆ ಎಟುಕಬಾರದ್ದನ್ನು ಎಟುಕದ ಕಡೆ ಇಡುವುದು, ಮುಚ್ಚಬೇಕಾದ್ದನ್ನು ಮುಚ್ಚುವುದು. ದಾವಣಗೆರೆ ಮತ್ತು ಚಿತ್ರದುರ್ಗದ ಮನೆ, ಹೊಲ, ಓಣಿಗಳನ್ನು ಕಣ್ಣ ಮುಂದಿಟ್ಟುಕೊಂಡು ಅದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮಗುವಿನ ಎತ್ತರಕ್ಕೆ ಇಳಿಯಿರಿ

ಒಂದು ದಿನ ಬಿಡುವು ಮಾಡಿಕೊಂಡು, ಮೊಣಕಾಲೂರಿ, ಅಂಬೆಗಾಲಿಡುತ್ತ ಮನೆಯನ್ನೆಲ್ಲ ಒಂದು ಸುತ್ತು ಹಾಕಿ. ನಿಂತಾಗ ಕಾಣದ ಎಷ್ಟೋ ವಸ್ತುಗಳು ಆಗ ಕಾಣುತ್ತವೆ: ಮಂಚದ ಕೆಳಗೆ ಉರುಳಿಹೋದ ಮಾತ್ರೆ, ಬೀರುವಿನ ಸಂದಿಯಲ್ಲಿ ಬಿದ್ದ ಪಿನ್ನು, ಹೊಲಿಗೆ ಯಂತ್ರದ ಹತ್ತಿರದ ಗುಂಡಿಗಳು, ಕೆಳಮಟ್ಟದಲ್ಲಿರುವ ಪ್ಲಗ್ ಪಾಯಿಂಟು, ಮೇಜಿನಿಂದ ಜೋತುಬಿದ್ದ ಇಸ್ತ್ರಿಪೆಟ್ಟಿಗೆಯ ವೈರು, ಎಳೆದರೆ ಟಿವಿಯನ್ನೂ ಕೆಡವಬಲ್ಲ ಮೇಜಿನ ಹೊದಿಕೆ. ಕಂಡದ್ದನ್ನು ಆಗಲೇ ಎತ್ತಿಡಿ. ಕೈಯಲ್ಲೊಂದು ಚೀಟಿಯಿದ್ದರೆ ರಿಪೇರಿ ಬೇಕಾದುದನ್ನು ಬರೆದುಕೊಳ್ಳಬಹುದು.

ಈ ಸುತ್ತಿನಲ್ಲಿ ಮಗುವಿನ ಇಂದಿನ ಶಕ್ತಿಯನ್ನು ನೋಡಿದರೆ ಸಾಲದು, ಮುಂದಿನ ತಿಂಗಳು ಅದು ಏನು ಮಾಡೀತು ಎಂಬುದನ್ನೂ ಯೋಚಿಸಬೇಕು. ಮಂಚದ ನಡುವೆ ಮಲಗಿಸಿದ ನಾಲ್ಕು ತಿಂಗಳ ಕೂಸು ಒಂದು ದಿನ ಇದ್ದಕ್ಕಿದ್ದಂತೆ ಮಗುಚಿಕೊಂಡು ಅಂಚಿಗೆ ಬರುತ್ತದೆ. ಅದು ಮೊದಲ ಸಲ ಮಗುಚುವುದನ್ನು ನಾವು ನೋಡಿಯೇ ಇರುತ್ತೇವೆ ಎಂಬ ಖಾತರಿಯಿಲ್ಲ.

ಎರಡನೆಯ ಹೆಜ್ಜೆ: ಒಲೆ, ಹಂಡೆ, ಬಚ್ಚಲು

ಅಡಿಗೆಮನೆಯಲ್ಲಿ ನೆಲದ ಮೇಲೆ ಬಿಸಿ ಪಾತ್ರೆ ಇಳಿಸುವ ರೂಢಿಯನ್ನು ಇಂದೇ ಬಿಡಬೇಕು. ಕಟ್ಟೆ ಇಲ್ಲದ ಮನೆಯಲ್ಲಿ, ನೆಲದೊಲೆಯಲ್ಲೇ ಅಡಿಗೆ ನಡೆಯುವ ಮನೆಯಲ್ಲಿ, ಒಲೆಯ ಮೂಲೆಗೆ ಎರಡೂವರೆ ಅಡಿ ಎತ್ತರದ ಹಲಗೆಯನ್ನೋ ಬಿದಿರಿನ ತಟ್ಟಿಯನ್ನೋ ಅಡ್ಡ ನಿಲ್ಲಿಸಿ ಕಟ್ಟಿದರೆ ಅಂಬೆಗಾಲಿಡುವ ಮಗು ಅದರಾಚೆ ಬರುವುದಿಲ್ಲ. ಗ್ಯಾಸ್ ಒಲೆಯಿದ್ದರೆ ಹಿಡಿಕೆಯ ಪಾತ್ರೆಗಳ ಹಿಡಿಕೆ ಗೋಡೆಯ ಕಡೆಗೆ ತಿರುಗಿರಲಿ, ಕುದಿಯುವುದೆಲ್ಲ ಹಿಂದಿನ ಬರ್ನರ್ ಮೇಲಿರಲಿ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸಾರು ಬಗ್ಗಿಸುವುದು, ತೊಡೆಯ ಮೇಲೆ ಕೂರಿಸಿಕೊಂಡು ಬಿಸಿ ಚಹಾ ಕುಡಿಯುವುದು, ಇವೆರಡೂ ನಾವೆಲ್ಲ ಮಾಡುವ ಕೆಲಸಗಳೇ, ಮಗುವಿನ ಎದೆ ಸುಡುವುದೂ ಎಷ್ಟೋ ಸಲ ಇವುಗಳಿಂದಲೇ.

ಬಚ್ಚಲಲ್ಲಿ ನಿಯಮ ಸರಳ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕುದಿನೀರಿನ ಬಕೆಟ್ಟನ್ನು ಇಟ್ಟು ತಣ್ಣೀರು ತರಲು ಹೋದ ಆ ಅರ್ಧ ನಿಮಿಷದಲ್ಲೇ ಮಗು ಅದರಲ್ಲಿ ಕುಳಿತಿರುತ್ತದೆ. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ರಾಡ್ ಇದ್ದರೆ, ಅದು ಕೆಲಸ ಮಾಡುವಷ್ಟು ಹೊತ್ತು ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರಬೇಕು. ಅದು ಸುಡುವುದರ ಜೊತೆಗೆ ವಿದ್ಯುತ್ ಆಘಾತವನ್ನೂ ಕೊಡುತ್ತದೆ. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಹಾಕಿಸುವುದು ಮಗುವಿನ ಒಂದು ಜೊತೆ ಬೆಳ್ಳಿ ಕಾಲ್ಗಡಗಕ್ಕಿಂತ ಮೊದಲು ಮಾಡಬೇಕಾದ ಖರ್ಚು ಎಂದು ನಾನು ನಂಬಿದ್ದೇನೆ. ಓಣಿಯಲ್ಲಿ ತಂತಿ ಜೋತುಬಿದ್ದಿದ್ದರೆ, ಕಂಬದ ಬುಡದಲ್ಲಿ ವೈರು ತೆರೆದಿದ್ದರೆ, ಮಕ್ಕಳನ್ನು ಅಲ್ಲಿಂದ ದೂರ ಕರೆದು ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆಯ ಕಡೆಯವರಿಗೆ ಇನ್ನೊಂದು ಮಾತು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಳದಲ್ಲೇ ದೊಡ್ಡ ಹಂಡೆಗಳಲ್ಲಿ ಅಡಿಕೆ ಬೇಯುತ್ತದೆ, ಅಡಿಕೆ ಬೆಂದ ಕೆಂಪುನೀರಾದ ಚೊಗರಿನ ಪಾತ್ರೆಗಳು ಸುತ್ತ ಇರುತ್ತವೆ, ಸುಲಿಯುವವರು ತಮ್ಮ ಮಕ್ಕಳನ್ನೂ ಕರೆತಂದಿರುತ್ತಾರೆ. ಬೇಯಿಸುವ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಸುತ್ತ ಬಲೆ ಅಥವಾ ತಗಡು ಕಟ್ಟಿಸುವುದು ತೋಟದ ಯಜಮಾನರ ಹೊಣೆ. ಹಂಡೆ ಇಳಿಸಿದ ಮೇಲೂ ಒಲೆಯ ಬೂದಿಯೊಳಗೆ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ, ಬರಿಗಾಲಿನ ಮಗು ಆ ಬೂದಿಯನ್ನು ಮಣ್ಣೆಂದು ತಿಳಿದು ತುಳಿಯುತ್ತದೆ. ಆದ್ದರಿಂದ ನೀರು ಹಾಕಿ ಆರಿಸಿಯೇ ಜಾಗ ಬಿಡಬೇಕು.

ಸುಟ್ಟರೆ ಏನು ಮಾಡಬೇಕೆಂಬುದು ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ನಿಧಾನವಾಗಿ ಸುರಿಯುತ್ತಿರಬೇಕು. ಸುಟ್ಟು ಮೂರು ಗಂಟೆಯೊಳಗೆ ಹೀಗೆ ತಂಪು ಮಾಡಿದರೂ ಪ್ರಯೋಜನವಿದೆ. ಅದೇ ಹೊತ್ತಿನಲ್ಲಿ ಬಳೆ, ಉಡಿದಾರ, ಒದ್ದೆ ಬಟ್ಟೆಗಳನ್ನು ಬಿಚ್ಚಬೇಕು, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬಾರದು. ಮಗುವಿನ ಉಳಿದ ಮೈ ಬೆಚ್ಚಗೆ ಇರಲಿ. ಬಳಿಕ ಒಗೆದ ತೆಳು ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ, ಮೊಸರು, ಅರಿಸಿನ ಯಾವುದೂ ಬೇಡ. ಗುಳ್ಳೆ ಒಡೆಯುವುದೂ ಬೇಡ.

ಮೂರನೆಯ ಹೆಜ್ಜೆ: ನೀರನ್ನು ಮುಚ್ಚಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಮಕ್ಕಳು ಸದ್ದಿಲ್ಲದೆ ಮುಳುಗುತ್ತವೆ. ಕೈ ಬೀಸಿ ಕೂಗುವುದು ಸಿನಿಮಾದಲ್ಲಿ ಮಾತ್ರ. ತಲೆಯ ಭಾರವೇ ಹೆಚ್ಚಿರುವ ಒಂದೂವರೆ ವರ್ಷದ ಮಗು ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ಮತ್ತೆ ಮೇಲೇಳಲಾರದು. ಕೆಲವೇ ಅಂಗುಲ ನೀರು ಸಾಕು, ಎರಡು-ಮೂರು ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಅಂದಾಜು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು.

ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಮನೆ ತುಂಬ ನೀರು ತುಂಬಿಟ್ಟುಕೊಳ್ಳುವುದು ಅನಿವಾರ್ಯ. ಹಾಗಿರುವಾಗ ಡ್ರಮ್ಮು, ಬಾನಿ, ತೊಟ್ಟಿಗಳಿಗೆಲ್ಲ ಭಾರದ ಮುಚ್ಚಳವಿರಲಿ, ಬಳಸದ ಬಕೆಟ್ಟನ್ನು ಬೋರಲು ಹಾಕಿ, ಬಚ್ಚಲಿನ ಚಿಲಕ ದೊಡ್ಡವರಿಗೆ ಮಾತ್ರ ಎಟುಕುವ ಎತ್ತರದಲ್ಲಿರಲಿ. ಸಂಪಿನ ಮುಚ್ಚಳ ತುಕ್ಕು ಹಿಡಿದ ತಗಡಾಗಿದ್ದರೆ ಅದನ್ನು ಮುಚ್ಚಳವೆಂದು ಎಣಿಸಬೇಡಿ. ಕಟ್ಟುತ್ತಿರುವ ಮನೆಯ ಸಂಪು, ಗೋಡೆಗೆ ಕ್ಯೂರಿಂಗ್ ಮಾಡಲು ನೀರು ತುಂಬಿಟ್ಟ ತೊಟ್ಟಿ, ಇವು ಕೆಲಸಗಾರರ ಮಕ್ಕಳಿಗೂ ಪಕ್ಕದ ಮನೆಯ ಮಕ್ಕಳಿಗೂ ಬಾಯ್ದೆರೆದ ಬಾವಿಗಳೇ. ನೀವು ಮನೆ ಕಟ್ಟಿಸುವವರಾದರೆ ಮೊದಲ ದಿನವೇ ಮೇಸ್ತ್ರಿಗೆ ಹಲಗೆ ಮುಚ್ಚಲು ಹೇಳಿ.

ಹೊಲದಲ್ಲಿ ಹೊಸ ಅಪಾಯವೆಂದರೆ ಕೃಷಿಹೊಂಡ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನಂತರ ನಮ್ಮ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಇವು ಬೆಳೆಗೆ ಆಸರೆಯಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಹೊದಿಕೆ ಹಾಸಿದ ಹೊಂಡದ ಇಳಿಜಾರು ಪಾಚಿಗಟ್ಟಿದಾಗ ಎಂಥ ಈಜುಗಾರನಿಗೂ ಹತ್ತಿ ಬರಲು ಕಾಲು ನಿಲ್ಲುವುದಿಲ್ಲ. ಸುತ್ತ ತಂತಿ ಬೇಲಿ, ಬೀಗ ಹಾಕುವ ಗೇಟು, ನಾಲ್ಕು ಕಡೆಯಿಂದಲೂ ನೀರಿನೊಳಕ್ಕೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಹಗ್ಗದ ತುದಿಗೊಂದು ಹಳೆಯ ಟ್ಯೂಬು. ಇಷ್ಟು ಇಲ್ಲದ ಹೊಂಡದ ಹತ್ತಿರ ಮಗುವನ್ನು ಕರೆದುಕೊಂಡು ಹೋಗಲೇಬಾರದು.

ದಾವಣಗೆರೆ ಸೀಮೆಯ ಭದ್ರಾ ನಾಲೆಯ ವಿಚಾರ ಬೇರೆ. ನೀರು ಬಿಡದ ದಿನಗಳಲ್ಲಿ ಅದು ಒಣಗಿ ಮಕ್ಕಳಿಗೆ ಆಟದ ಬಯಲಾಗುತ್ತದೆ, ಕೆಲವರು ಅದರಲ್ಲೇ ಕ್ರಿಕೆಟ್ ಆಡುತ್ತಾರೆ. ನಾಲೆ ಎಂದರೆ ಆಟದ ಜಾಗ ಎಂದು ಮಗುವಿನ ಮನಸ್ಸಿನಲ್ಲಿ ಅಚ್ಚಾಗುವುದು ಆಗಲೇ. ಆಮೇಲೆ ಹಂಗಾಮಿನ ನೀರು ಬಂದಾಗ ಮೇಲುನೋಟಕ್ಕೆ ಶಾಂತವಾಗಿ ಕಾಣುವ ಹರಿವಿಗೆ ವಯಸ್ಕರನ್ನೂ ಎಳೆದೊಯ್ಯುವ ಬಲವಿರುತ್ತದೆ, ಕಾಂಕ್ರೀಟ್ ದಡಕ್ಕೆ ಹಿಡಿತವಿರುವುದಿಲ್ಲ. ಒಣಗಿದ ನಾಲೆಯಲ್ಲೂ ಮಕ್ಕಳನ್ನು ಆಡಲು ಬಿಡಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಬಟ್ಟೆ ಒಗೆಯಲು ನಾಲೆಗೆ ಹೋಗುವವರು ಚಿಕ್ಕ ಮಕ್ಕಳನ್ನು ಮನೆಯಲ್ಲೋ ಅಂಗನವಾಡಿಯಲ್ಲೋ ಬಿಟ್ಟು ಹೋಗುವುದು ಒಳ್ಳೆಯದು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಕೂಸುಗಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳೂ ಇವೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ.

ಕೈಬಿಟ್ಟ ಕೊಳವೆಬಾವಿಗಳು ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ನೀರು ಸಿಗದ ನಿರಾಶೆಯಲ್ಲಿ ರೈತ ಕೇಸಿಂಗ್ ಪೈಪನ್ನು ಕಿತ್ತು ಬಾಯಿಯ ಮೇಲೊಂದು ಗೋಣಿಚೀಲ ಹಾಕಿ ಹೋಗುತ್ತಾನೆ, ಮಳೆ ಬಂದ ಮೇಲೆ ಹುಲ್ಲು ಬೆಳೆದು ಅದು ಕಾಣುವುದೇ ಇಲ್ಲ. ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟ ನಿರ್ದೇಶನ ಕೊಟ್ಟಿದೆ: ಕೊರೆಯುವಾಗ ಸುತ್ತ ಬೇಲಿ, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಬೋಲ್ಟ್ ಹಾಕಿದ ಮುಚ್ಚಳ, ಕೈಬಿಟ್ಟರೆ ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಜಲ್ಲಿ ತುಂಬಿ ಮುಚ್ಚುವುದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಎತ್ತಿದಾಗ ನಾಡೇ ನಿಟ್ಟುಸಿರು ಬಿಟ್ಟಿತು. ಅಂಥ ಹೋರಾಟದ ಖರ್ಚಿಗೆ ಹೋಲಿಸಿದರೆ ಒಂದು ಟ್ರಾಕ್ಟರ್ ಮಣ್ಣು ಏನೂ ಅಲ್ಲ. ಹಳೆಯ ಊರುಗಳಲ್ಲಿ ನೆಲದೊಳಗೆ ತೋಡಿ ಕಾಳು ತುಂಬುತ್ತಿದ್ದ ಹಗೇವುಗಳೂ ಹೀಗೆಯೇ ಮರೆತುಹೋಗಿರುತ್ತವೆ. ಮಗು ಹಗೇವಿಗೆ ಬಿದ್ದರೆ ದೊಡ್ಡವರು ಹಿಂದೆಯೇ ಧುಮುಕಬಾರದು, ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಒಳಕ್ಕೆ ಗಾಳಿ ಬೀಸುತ್ತ, ಸೊಂಟಕ್ಕೆ ಹಗ್ಗ ಕಟ್ಟಿದವರನ್ನು ಮೇಲಿನವರು ಹಿಡಿದುಕೊಂಡು ಇಳಿಸಬೇಕು, ಅಷ್ಟರಲ್ಲಿ 112ಕ್ಕೆ ಕರೆ ಹೋಗಿರಬೇಕು.

ನೀರಿಗೆ ಬಿದ್ದ ಮಗುವಿನ ಹಿಂದೆ ಈಜು ಬಾರದವರು ಹಾರಿದರೆ ಒಂದರ ಬದಲು ಎರಡು ಹೆಣ ಬರುತ್ತದೆ. ಸೀರೆ, ಹಗ್ಗ, ಉದ್ದನೆಯ ಗಳ, ಬಾಯಿ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಆ ನಿಮಿಷಗಳು ಉಸಿರಿಗೆ ಸೇರಿದವು. ಮಗು ಉಸಿರಾಡದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಗದ್ದ ತುಸು ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡರಿಂದ ಐದು ಸಲ ಎದೆ ಏಳುವಷ್ಟು ಉಸಿರು ತುಂಬಿ. ಕೂಸಾದರೆ ಅದರ ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಬೇಕು. ಮಗು ಆಗಲೂ ಕದಲದಿದ್ದರೆ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆಯ ಮೂರನೆಯ ಒಂದು ಭಾಗದಷ್ಟು ಆಳಕ್ಕೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. 108 ಆಂಬುಲೆನ್ಸ್ ಬರುವವರೆಗೆ, ಇಲ್ಲವೇ ಮಗು ಉಸಿರಾಡುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯುವುದು ಕಷ್ಟ. ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ, ಬೊಂಬೆಯ ಮೇಲೆ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ.

ನಾಲ್ಕನೆಯ ಹೆಜ್ಜೆ: ಬಾಯಿಗೆ ಹೋಗುವುದು

ವಿಷ ಎಂದರೆ ತಲೆಬುರುಡೆಯ ಚಿತ್ರವಿರುವ ಡಬ್ಬಿ ಎಂದು ನಾವು ತಿಳಿದಿರುತ್ತೇವೆ. ಮಗುವಿನ ಪಾಲಿಗೆ ಅದು ಕಿತ್ತಳೆ ಬಣ್ಣದ ತಂಪು ಪಾನೀಯದ ಬಾಟಲಿ. ಬೆಳೆಗೆ ಹೊಡೆದು ಉಳಿದ ಔಷಧ, ಸೀಮೆಎಣ್ಣೆ, ಪೇಂಟ್ ತೆಳುಮಾಡುವ ಟರ್ಪೆಂಟೈನ್, ಶೌಚಾಲಯ ತೊಳೆಯುವ ಆ್ಯಸಿಡ್ ಇವುಗಳನ್ನು ಕುಡಿಯುವ ನೀರಿನ ಅಥವಾ ಪಾನೀಯದ ಬಾಟಲಿಗೆ ಎಂದೂ ಹಾಕಬೇಡಿ. ತಂದ ಡಬ್ಬಿಯಲ್ಲೇ ಇರಲಿ, ದೊಡ್ಡವರ ತಲೆಗಿಂತ ಎತ್ತರದಲ್ಲಿ ಬೀಗವಿರುವ ಪೆಟ್ಟಿಗೆಯಲ್ಲಿರಲಿ. ಔಷಧ ಹೊಡೆದು ಬಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ದಿಂಬಿನ ಕೆಳಗಿದ್ದರೆ ಅದೂ ವಿಷವೇ: ಒಂದೆರಡು ಮಾತ್ರೆಗಳೇ ಎರಡು ವರ್ಷದ ಮಗುವಿನ ಪ್ರಾಣಕ್ಕೆ ಎರವಾಗಬಹುದು. ಮಾತ್ರೆಯನ್ನು ಚಾಕಲೇಟ್ ಎಂದು ಹೇಳಿ ತಿನ್ನಿಸುವ ಅಭ್ಯಾಸವನ್ನೂ ಬಿಡಬೇಕು.

ಇಲಿ ಪಾಷಾಣದ ಪೇಸ್ಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹಳದಿ ರಂಜಕವಿರುವ ಈ ಪೇಸ್ಟನ್ನು ರೊಟ್ಟಿ, ಟೊಮೆಟೊ, ಬಜ್ಜಿಯ ಚೂರಿಗೆ ಸವರಿ ಮೂಲೆಯಲ್ಲಿಡುತ್ತಾರೆ. ಅದನ್ನು ತಿಂದ ಮಗು ಮೊದಲ ದಿನ ವಾಂತಿ ಮಾಡಿಕೊಂಡು ಆಮೇಲೆ ಚೆನ್ನಾಗಿಯೇ ಆಡಿಕೊಂಡಿರಬಹುದು, ಅಷ್ಟರಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಗೆ ಇದನ್ನು ತರಲೇಬೇಡಿ, ಇಲಿ ಬೋನು ಸಾಕು. ಹಿತ್ತಲಿನಲ್ಲೂ ಬೇಲಿಯಲ್ಲೂ ಇರುವ ಔಡಲ, ಕಾಡುಹರಳು, ಕಣಗಿಲೆ, ಗುಲಗಂಜಿಗಳನ್ನು ಮಗುವಿಗೆ ತೋರಿಸಿ ಬೇಡವೆಂದು ಕಲಿಸುವುದಕ್ಕಿಂತ, ಆಡುವ ಜಾಗದಿಂದ ಕಿತ್ತುಹಾಕುವುದು ಒಳ್ಳೆಯದು.

ವಿಷ ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆದು, ಡಬ್ಬಿಯನ್ನೋ ಗಿಡದ ಟೊಂಗೆಯನ್ನೋ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಸೀಮೆಎಣ್ಣೆ ವಾಂತಿಯಾದಾಗ ಶ್ವಾಸಕೋಶಕ್ಕೆ ಇಳಿಯುತ್ತದೆ, ಆ್ಯಸಿಡ್ ಹಿಂದಿರುಗುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತದೆ.

ಗಂಟಲಿಗೆ ಸಿಕ್ಕಿಕೊಳ್ಳುವುದು ಇನ್ನೂ ವೇಗದ ಅಪಾಯ. ಚಳ್ಳಕೆರೆ ಸೀಮೆಯ ಶೇಂಗಾ ನಮ್ಮೆಲ್ಲರ ಪ್ರೀತಿಯ ತಿನಿಸು, ದಾವಣಗೆರೆಯ ಮಂಡಕ್ಕಿಯಲ್ಲಿ ಅದಿಲ್ಲದೆ ರುಚಿಯಿಲ್ಲ. ಆದರೆ ನಾಲ್ಕೈದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ ಬೀಜ ಕೊಡಲೇಬಾರದು. ದವಡೆ ಹಲ್ಲು ಪೂರ್ತಿ ಬಾರದ ಮಗು ಅದನ್ನು ಅಗಿಯದೆ ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ, ಬೀಜ ಶ್ವಾಸನಾಳದಲ್ಲಿ ನೀರು ಹೀರಿ ಉಬ್ಬುತ್ತದೆ. ಪುಡಿಮಾಡಿ ಕೊಡಿ. ಪುಟಾಣಿ, ಬಟಾಣಿ, ಹುಣಸೆಬೀಜ, ದ್ರಾಕ್ಷಿ, ಅಡಿಕೆ ಚೂರಿಗೂ ಇದೇ ಮಾತು. ಕೂಸಿನ ಮೂಗು ಹಿಡಿದು ಒಳಲೆಯಲ್ಲಿ (ಕೂಸಿಗೆ ಕುಡಿಸುವ ಪುಟ್ಟ ಬಟ್ಟಲಿನಲ್ಲಿ) ಔಷಧ ಹುಯ್ಯುವ ಪದ್ಧತಿಯಿಂದಲೂ ಅದು ಹೊಟ್ಟೆಗೆ ಹೋಗುವ ಬದಲು ಉಸಿರಿನ ದಾರಿ ಹಿಡಿಯಬಹುದು.

ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಹೊರಡದಿದ್ದರೆ, ತುಟಿ ನೀಲಿಗಟ್ಟಿದರೆ, ಒಂದು ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಅಂಗೈ ಬುಡದಿಂದ ಬೆನ್ನಿನ ನಡುವೆ 5 ಸಲ ಗಟ್ಟಿಯಾಗಿ ತಟ್ಟಿ. ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಿ. ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮತ್ತು ಎದೆಗೂಡಿನ ನಡುವೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಸೆಳೆಯಿರಿ. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ.

ರಿಮೋಟು ಮತ್ತು ಬೆಳಕು ಬೀರುವ ಜಾತ್ರೆಯ ಆಟಿಕೆಗಳೊಳಗಿನ ನಾಣ್ಯದಂಥ ಬ್ಯಾಟರಿ ನುಂಗಿದರೆ ಮಲದಲ್ಲಿ ಹೋದೀತೆಂದು ಕಾಯಬೇಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ತೂತು ಬೀಳುವಷ್ಟು ಗಾಯ ಮಾಡಬಲ್ಲದು. ನೇರ ಎಕ್ಸ್‌-ರೇ ಇರುವ ಆಸ್ಪತ್ರೆಗೆ ಹೋಗಬೇಕು.

ಐದನೆಯ ಹೆಜ್ಜೆ: ಎತ್ತರ

ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಗೆಂದು ಬಿಟ್ಟಿರುವ ಗವಾಕ್ಷಿಯ ಮೇಲೆ ಕಬ್ಬಿಣದ ಜಾಲರಿ ಕೂರಿಸಿ. ಮಳೆಗಾಲದಲ್ಲಿ ಮುಚ್ಚುವ ತಗಡು ಮಗುವಿನ ಭಾರ ತಡೆಯುವುದಿಲ್ಲ. ಆರ್‌ಸಿಸಿ ಮನೆಗಳಲ್ಲಿ ಕೈಹಿಡಿ ಇಲ್ಲದ ಮಹಡಿ ಮೆಟ್ಟಿಲು, ಮೊಣಕಾಲೆತ್ತರದ ಪ್ಯಾರಾಪೆಟ್ಟು, ಅದರ ಪಕ್ಕದಲ್ಲೇ ಇಟ್ಟ ಹೂವಿನ ಕುಂಡ ಮಗುವನ್ನು ಕೈಹಿಡಿದು ಮೇಲೇರಿಸುತ್ತವೆ. ಆಷಾಢದ ಗಾಳಿಗೆ ಗಾಳಿಪಟ ಹಾರಿಸುವುದು ಬಯಲಿನಲ್ಲಿರಲಿ, ಮಹಡಿಯ ಮೇಲೆ ಬೇಡ. ಸೀರೆಯ ಜೋಲಿ ಕೂಸಿಗೆ ಮಾತ್ರ ಸರಿ, ಓಡಾಡುವ ಮಗು ಅದರಲ್ಲಿ ತಿರುಚಿಕೊಂಡು ಆಡಿದರೆ ಕೊರಳಿಗೆ ಬಿಗಿಯುತ್ತದೆ. ಮಲಗಿಸದ ಹೊತ್ತಿನಲ್ಲಿ ಜೋಲಿಯನ್ನು ಬಿಚ್ಚಿಡಿ ಅಥವಾ ಮೇಲಕ್ಕೆ ಗಂಟು ಹಾಕಿ.

ತಲೆಗೆ ಪೆಟ್ಟಾದ ಮಗು ಪದೇ ಪದೇ ವಾಂತಿ ಮಾಡಿದರೆ, ಎಚ್ಚರ ತಪ್ಪಿದರೆ, ಮಂಕಾಗಿ ತೂಕಡಿಸಿದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇವು ಯಾವುವೂ ಇಲ್ಲದಿದ್ದರೂ ಒಂದು ಹಗಲು ಒಂದು ರಾತ್ರಿ ಗಮನವಿಡಿ.

ಆರನೆಯ ಹೆಜ್ಜೆ: ಹೊಸ್ತಿಲಾಚೆ

ಕಣದಲ್ಲಿ ಮೆಕ್ಕೆಜೋಳದ ಯಂತ್ರ ತಿರುಗುವಾಗ ಅದರ ಬೆಲ್ಟು, ಹಲ್ಲುಚಕ್ರಗಳ ಸುತ್ತ ಹತ್ತು ಹೆಜ್ಜೆಯ ಗೆರೆ ಎಳೆದು ಮಕ್ಕಳನ್ನು ಆಚೆಯೇ ನಿಲ್ಲಿಸಬೇಕು. ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವುದು ಅಕ್ಕರೆಯ ರೂಪದ ಅಪಾಯ. ಅಂಗಳದಲ್ಲಿ ಟ್ರಾಕ್ಟರ್ ಅಥವಾ ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಯಾರಾದರೂ ಮಗುವನ್ನು ಎತ್ತಿಕೊಂಡು ಚಾಲಕನ ಕಣ್ಣಿಗೆ ಕಾಣುವಂತೆ ನಿಲ್ಲಬೇಕು. ನಮ್ಮ ಮನೆಯಲ್ಲಿ ಇದು ನಿಯಮ: ಮಗು ಕಾಣದೆ ಗಾಡಿ ಕದಲುವುದಿಲ್ಲ.

ಬೈಕಿನ ಮೇಲೆ ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಚಾಲಕನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ, ಇವು 2023ರ ಫೆಬ್ರುವರಿಯಿಂದ ಕಾನೂನೇ ಆಗಿವೆ. ಹೆದ್ದಾರಿ 48ರ ಸರ್ವಿಸ್ ರಸ್ತೆಗಳಲ್ಲಿ ಟ್ಯಾಂಕಿನ ಮೇಲೆ ನಿದ್ದೆಗೆ ಜಾರಿದ ಮಗುವನ್ನು ಒಂದು ಕೈಯಲ್ಲಿ ಹಿಡಿದು ಓಡಿಸುವ ತಂದೆಯರನ್ನು ಕಂಡಾಗಲೆಲ್ಲ ನನ್ನ ಎದೆ ಬಾಯಿಗೆ ಬರುತ್ತದೆ.

ಕಲ್ಲುಗುಡ್ಡ, ಬೇಲಿ, ಶೇಂಗಾ ಹೊಟ್ಟಿನ ಬಣವೆಗಳ ಈ ಸೀಮೆಯಲ್ಲಿ ಹಾವು ಚೇಳುಗಳ ಮಾತಿಲ್ಲದೆ ಮಾರ್ಗದರ್ಶಿ ಪೂರ್ತಿಯಾಗದು. ಸೌದೆ, ಕಲ್ಲುಗುಪ್ಪೆ, ಸೆಗಣಿ ಕುಳ್ಳು ಮನೆಯ ಗೋಡೆಗೆ ಒರಗಿರಬಾರದು. ಮಕ್ಕಳನ್ನು ಬರಿನೆಲದ ಮೇಲೆ ಮಲಗಿಸದೆ ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿಸಿ. ಕಟ್ಟುಹಾವು ರಾತ್ರಿ ಹೊತ್ತು ಕಚ್ಚಿದರೆ ನೋವೂ ಇರದು, ಗುರುತೂ ಕಾಣದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಅತ್ತು, ಕಣ್ಣರೆಪ್ಪೆ ಬಿಡಿಸಲಾಗದೆ ಒದ್ದಾಡಿದರೆ ಹಾವಿನ ಅನುಮಾನವನ್ನೇ ಮೊದಲು ಪಡಬೇಕು. ಕಚ್ಚಿದ ಕೈಕಾಲನ್ನು ಹಗ್ಗದಿಂದ ಬಿಗಿಯಬೇಡಿ, ಕೊಯ್ಯಬೇಡಿ, ಬೇರು ಅರೆದು ಕುಡಿಸುತ್ತ ಹೊತ್ತು ಕಳೆಯಬೇಡಿ. ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಕಟ್ಟಿ, ನಡೆಸದೆ ಎತ್ತಿಕೊಂಡು, ಕಚ್ಚಿದ ವೇಳೆಯನ್ನು ನೆನಪಿಟ್ಟುಕೊಂಡು, ಪ್ರತಿವಿಷ ಇರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಮಸ್ಯೆಯೆಂದು ಘೋಷಿಸಿದೆ. ಕೆಂಪು ಚೇಳು ಕುಟುಕಿದ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಅದೂ ಹಾವಿನಷ್ಟೇ ತುರ್ತು, ಹೃದಯದ ಮೇಲಾಗುವ ಪರಿಣಾಮಕ್ಕೆ ಪ್ರಜೋಸಿನ್ ಎಂಬ ಔಷಧವಿದೆ.

ನಾಯಿ ಕಚ್ಚಿದರೆ, ಪರಚಿದರೆ, ಹರಿದ ಚರ್ಮವನ್ನು ನೆಕ್ಕಿದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು. ಸುಣ್ಣ, ಖಾರದಪುಡಿ ಹಚ್ಚಬೇಡಿ. ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳಿದ್ದಾರೆ, ರೇಬೀಸ್ ಬಂದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಹೇಳಿದರೆ ಬೈಯುವುದಿಲ್ಲ ಎಂಬ ಭರವಸೆ ಮಗುವಿಗೆ ಮೊದಲೇ ಸಿಕ್ಕಿರಬೇಕು.

ಚಿತ್ರದುರ್ಗದ ಕೋಟೆಗೆ ಕರೆದೊಯ್ಯುವಾಗ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳ ಮೆಟ್ಟಿಲುಗಳಲ್ಲಿ ಮಗುವಿನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಿರಿ. ಅಲ್ಲಿ ಬರಿಗೈಯಲ್ಲಿ ಗೋಡೆ ಹತ್ತುವ ಸಾಹಸವನ್ನು ನೋಡಿದ ಮಕ್ಕಳು ಊರಿಗೆ ಬಂದು ಕಾಂಪೌಂಡ್ ಹತ್ತಲು ತೊಡಗುತ್ತಾರೆ. ಹಾಗೆ ಹತ್ತಬಾರದೆಂಬ ಮಾತನ್ನು ಅಲ್ಲೇ ಆಡಿಬಿಡುವುದು ಒಳ್ಳೆಯದು. ನಾಯಕನಹಟ್ಟಿ ತೇರಿಗೋ ದಾವಣಗೆರೆಯ ದುರ್ಗಾಂಬಿಕೆ ಜಾತ್ರೆಗೋ ಹೋಗುವಾಗ ಮಗುವಿನ ಒಳತೋಳಿನ ಮೇಲೆ ನಿಮ್ಮ ಫೋನ್ ನಂಬರನ್ನು ಬರೆದಿಡಿ. ತೇರು ಎಳೆಯುವ ಹೊತ್ತಿಗೆ ಎತ್ತರದ ಜಗುಲಿ ಹಿಡಿಯಿರಿ, ಚಕ್ರದ ಹತ್ತಿರ ಬೇಡ.

ಕೊನೆಯ ಹೆಜ್ಜೆ: ಯಾರು ನೋಡುತ್ತಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಿ

ಮದುವೆ ಮನೆ, ಗೃಹಪ್ರವೇಶ, ಹಬ್ಬದ ಮನೆಗಳಲ್ಲಿ ಇಪ್ಪತ್ತು ಜನ ಇದ್ದಾಗಲೇ ಮಗು ಕೈತಪ್ಪುವುದು, ಏಕೆಂದರೆ ಪ್ರತಿಯೊಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದು ತಿಳಿದಿರುತ್ತಾರೆ. ಮಗುವನ್ನು ಒಪ್ಪಿಸುವಾಗ ಹೆಸರು ಹಿಡಿದು ಒಪ್ಪಿಸಿ, "ಚಿಗವ್ವ, ಈಗ ನೀನೇ ನೋಡ್ಕ, ನಾನು ಒಳಗೆ ಹೋಗ್ತೀನಿ" ಎಂದು ಹೇಳಿ, ಅವರು ಹೂಂ ಎಂದ ಮೇಲೆಯೇ ಕದಲಿ. ಏಳೆಂಟು ವರ್ಷದ ಅಕ್ಕನ ಸೊಂಟಕ್ಕೆ ಕೂಸನ್ನೇರಿಸಿ ಹೊಲಕ್ಕೆ ಹೋಗುವುದು ಬಡತನದ ಅನಿವಾರ್ಯವೆಂದು ನನಗೆ ಗೊತ್ತು. ಆದರೂ ಆ ಅಕ್ಕನೂ ಮಗುವೇ, ಅವಳ ಹೆಗಲಿಗೆ ಇನ್ನೊಂದು ಜೀವದ ಹೊಣೆ ಹೊರಿಸುವ ಮುನ್ನ ಪಕ್ಕದ ಮನೆಯ ಅಜ್ಜಿಯೊಬ್ಬರಿಗಾದರೂ ಒಂದು ಮಾತು ಹೇಳಿ ಹೋಗಿ.

ಅಡಿಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ: 108, 112, ಮಕ್ಕಳ ಸಹಾಯವಾಣಿ 1098, ಹತ್ತಿರದ ಆಟೋದವರ ನಂಬರು, ಮಗುವಿನ ತೂಕ, ಅದಕ್ಕೆ ಒಗ್ಗದ ಔಷಧ, ಮನೆಗೆ ಬರುವ ದಾರಿಯ ಗುರುತು. ಗಾಬರಿಯಲ್ಲಿ ಸ್ವಂತ ಓಣಿಯ ಹೆಸರೂ ಬಾಯಿಗೆ ಬರುವುದಿಲ್ಲ.

ಮೊದಲ ಹೆಜ್ಜೆಯಲ್ಲಿ ಹೇಳಿದ ಮೊಣಕಾಲ ಸುತ್ತನ್ನು ನಾನು ಅಮಾವಾಸ್ಯೆಗೊಮ್ಮೆ ಹಾಕುತ್ತೇನೆ. ಆ ದಿನ ಬೇಸಾಯಕ್ಕೆ ಬಿಡುವಿರುವುದರಿಂದ ಮನೆಯ ಗಂಡಸರೂ ಸಿಗುತ್ತಾರೆ, ದಿನವನ್ನು ನೆನಪಿಟ್ಟುಕೊಳ್ಳುವ ಕಷ್ಟವೂ ಇಲ್ಲ. ಕಳೆದ ಅಮಾವಾಸ್ಯೆಯಲ್ಲಿ ಔಷಧದ ಕಪಾಟು ಮೊಮ್ಮಗನ ಕೈಗೆ ಎಟುಕುತ್ತಿರಲಿಲ್ಲ. ಈ ಸಲ ಅವನು ಸ್ಟೂಲು ಎಳೆದುಕೊಂಡು ಹತ್ತುವುದನ್ನು ಕಲಿತಿದ್ದಾನೆ, ಕಪಾಟಿಗೆ ಬೀಗ ಬಿದ್ದಿದೆ.